ಮೊಬೈಲ್‌ಗೆ ಬಂದ ಮಾಕಪ್ ನೋಡಿ ಟೀ ಶರ್ಟ್‌ಗೆ ದುಡ್ಡು ಕೊಡಬೇಡಿ

ಹಾಸನದಲ್ಲಿ ಫೋಟೋ ಕೊಟ್ಟು ಟೀ ಶರ್ಟ್ ಮೇಲೆ ಒಂದೇ ಬಣ್ಣದ ಇಂಕಿನಲ್ಲಿ ಪ್ರಿಂಟ್ ಮಾಡಿಸುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಓದಿ. ಹಳೆಯ ವಿದ್ಯಾರ್ಥಿಗಳೆಲ್ಲ ಸೇರುವ ದಿನಕ್ಕೆ ಅಂತ ಎಲ್ಲರಿಂದ ದುಡ್ಡು ಒಟ್ಟು ಮಾಡಿ ಆರ್ಡರ್ ಕೊಟ್ಟಿದ್ದೆ. ಪ್ರಿಂಟ್ ಮಾಡುವವರು ಪೂರ್ತಿ ಹಾಳು ಮಾಡಿ ಕೊಟ್ಟರು.

ನಾನು ಕೊಟ್ಟದ್ದು ಶೆಟ್ಟಿಹಳ್ಳಿ ಚರ್ಚಿನ ಫೋಟೋ. ಬೇಸಿಗೆಯಲ್ಲಿ ಹೇಮಾವತಿ ಹಿನ್ನೀರು ಇಳಿದಾಗ ತೆಗೆದದ್ದು. ಮುರಿದ ಕಮಾನು, ಉದುರಿದ ಗಾರೆ, ಗೋಡೆಯ ಮೇಲೆ ನೀರು ನಿಂತ ಗುರುತು. ಆ ಒರಟು ಹಾಗೇ ಕಪ್ಪು ಶರ್ಟಿನ ಮೇಲೆ ಬಿಳಿ ಇಂಕಿನಲ್ಲಿ ಬರಬೇಕು ಅಂತ ಹೇಳಿದ್ದೆ. ಫೋಟೋ ಕುಗ್ಗದ ಹಾಗೆ ಡಾಕ್ಯುಮೆಂಟ್ ಮಾಡಿಯೇ ಕಳಿಸಿದ್ದೆ. ಅವರು ಮಾಕಪ್, ಅಂದರೆ ಶರ್ಟ್ ಹೇಗೆ ಬರುತ್ತದೆ ಅಂತ ತೋರಿಸುವ ಚಿತ್ರ, ಕಳಿಸಿದರು. ಒಂದೊಂದು ಇಟ್ಟಿಗೆಯೂ ಕಾಣುತ್ತಿತ್ತು!

ಮೋಸ ಇದ್ದದ್ದೇ ಅಲ್ಲಿ. ಅದು ಬೂದು ಬಣ್ಣದ ಫೋಟೋವನ್ನು ಶರ್ಟಿನ ಚಿತ್ರದ ಮೇಲೆ ಸುಮ್ನೆ ಅಂಟಿಸಿದ್ದು. ಸ್ಕ್ರೀನ್ ಪ್ರಿಂಟಿಂಗ್ ಅಂದರೆ ಜಾಲರಿಯ ಮೂಲಕ ಬಟ್ಟೆಗೆ ಇಂಕು ಒತ್ತುವುದು. ಇಂಕು ಒಂದೇ ಆದರೆ ಬೂದು ಎಲ್ಲಿಂದ ಬರುತ್ತದೆ? ಇಂಕು ಬೀಳುತ್ತದೆ, ಇಲ್ಲಾ ಬೀಳುವುದಿಲ್ಲ. ನಡುವಿನ ಛಾಯೆಯನ್ನೆಲ್ಲ ಸಣ್ಣ ದೊಡ್ಡ ಚುಕ್ಕೆಗಳಲ್ಲಿ ತರಬೇಕು. ಹಾಫ್‌ಟೋನ್ ಅಂದರೆ ಅದೇ. ಆ ಕೆಲಸವನ್ನು ಅವರು ಮಾಡಿಯೇ ಇರಲಿಲ್ಲ.

ಬಂಡಲ್ ಬಿಚ್ಚಿದರೆ ಬಿಳಿ ಮುದ್ದೆ. ಅದೂ ಉಲ್ಟಾ! ಕಪ್ಪು ಬಟ್ಟೆಗೆ ಬಿಳಿ ಇಂಕು ಹಾಕುವಾಗ ಫೋಟೋದ ಬೆಳಕು ಪ್ರಿಂಟ್ ಆಗಬೇಕು. ಇವರು ಬಿಳಿ ಬಟ್ಟೆಗೆ ತೆಗೆಯುವ ಹಾಗೆ ಫಿಲ್ಮ್ (ಜಾಲರಿಯ ಮೇಲೆ ಚಿತ್ರ ಮೂಡಿಸಲು ಬಳಸುವ ಪಾರದರ್ಶಕ ಹಾಳೆ) ತೆಗೆದು ನೆರಳನ್ನು ಪ್ರಿಂಟ್ ಮಾಡಿದ್ದರು. ಆಕಾಶ ಕಪ್ಪು, ಕಮಾನಿನೊಳಗಿನ ಕತ್ತಲೆ ಬೆಳ್ಳಗೆ, ಎಕ್ಸ್‌ರೇ ಹಾಗೆ. ನಮ್ಮ ಮೇಷ್ಟ್ರು ಶರ್ಟ್ ಹಿಡಿದುಕೊಂಡು "ಇದು ಯಾವ ಕಟ್ಟಡನಪ್ಪಾ?" ಅಂತ ಎಲ್ಲರ ಮುಂದೆ ಕೇಳಿದರು. ದುಡ್ಡು ಕೊಟ್ಟವರೆಲ್ಲ ನನ್ನ ಮುಖ ನೋಡಿದರು. ಎಲ್ಲಿ ಹೋಗಿ ನಿಲ್ಲಬೇಕೋ ಗೊತ್ತಾಗಲಿಲ್ಲ.

ಫೋನ್ ಮಾಡಿದೆ. "ಒಂದೇ ಕಲರ್ ಅಂದ್ರೆ ಹೀಗೇ ಬರೋದು ಸರ್." ಆಮೇಲೆ, "ನಿಮ್ಮ ಫೋಟೋನೇ ಡಲ್ ಇತ್ತು." ಡಲ್ ಇದ್ದರೆ ಅಡ್ವಾನ್ಸ್ ತಗೊಳ್ಳುವ ಮೊದಲೇ ಹೇಳಬೇಕಿತ್ತು ಅಲ್ವಾ? ಕೊನೆಗೆ, "ಮಾಕಪ್‌ಗೆ ನೀವೇ ಓಕೆ ಅಂದಿದ್ರಲ್ಲ." ನಾನು ಓಕೆ ಅಂದದ್ದು ಆ ಚಿತ್ರಕ್ಕೆ. ಆ ಚಿತ್ರ ಶರ್ಟಿನ ಮೇಲೆ ಎಲ್ಲಿದೆ?

ಬೇರೆ ಪ್ರಿಂಟರ್ ಒಬ್ಬರಿಗೆ ಶರ್ಟ್ ತೋರಿಸಿದೆ. ಫೋಟೋಶಾಪ್‌ನಲ್ಲಿ ಗ್ರೇಸ್ಕೇಲ್ ಮಾಡಿ, ಬಿಟ್‌ಮ್ಯಾಪ್‌ಗೆ (ಬರೀ ಕಪ್ಪು, ಬಿಳಿ ಮಾತ್ರ ಇರುವ ಮೋಡ್) ಹೋಗಿ ಹಾಫ್‌ಟೋನ್ ಆರಿಸಿದ್ದರೆ ಚುಕ್ಕೆ ಬರುತ್ತಿತ್ತು, ಮರಳಿನಂಥ ಒರಟು ಬೇಕಿದ್ದರೆ ಅಲ್ಲೇ ಚುಕ್ಕೆಗಳನ್ನು ಚದುರಿಸುವ ಡಿಫ್ಯೂಷನ್ ಡಿದರ್ ಇದೆ ಅಂದರು. ಬಟ್ಟೆಗೆ ಇಂಚಿಗೆ 45 ಸಾಲು ಚುಕ್ಕೆ ಸಾಕಂತೆ. ಆದರೆ ಮೆಶ್, ಅಂದರೆ ಜಾಲರಿಯಲ್ಲಿ ಇಂಚಿಗೆ ಇರುವ ಎಳೆಗಳು, ಅದರ ನಾಲ್ಕು ಪಟ್ಟಾದರೂ, ಅಂದರೆ 180 ಆದರೂ ಇರಬೇಕು. ಅಕ್ಷರ ಹೊಡೆಯುವ ದಪ್ಪ ಮೆಶ್‌ನಲ್ಲಿ ಸಣ್ಣ ಚುಕ್ಕೆ ನಿಲ್ಲುವುದಿಲ್ಲ.

ಮಾಕಪ್ ನಂಬಲೇಬೇಡಿ. ಫಿಲ್ಮ್‌ಗೆ ಹೋಗುವ ಕಪ್ಪು ಬಿಳುಪಿನ ಫೈಲ್ ಕೇಳಿ, ಜೂಮ್ ಮಾಡಿ ನೋಡಿ. ಚುಕ್ಕೆ ಕಾಣಬೇಕು. ಒಂದು ಶರ್ಟ್ ಹೊಡೆಸಿ ಕೈಯಲ್ಲಿ ಹಿಡಿಯುವ ತನಕ ಜಾಸ್ತಿ ಅಡ್ವಾನ್ಸ್ ಕೊಡಬೇಡಿ. "ಸ್ಯಾಂಪಲ್ ಎಲ್ಲಾ ಕೊಡಲ್ಲ" ಅಂದರೆ ಎದ್ದು ಬನ್ನಿ.

ನಮ್ಮ ದುಡ್ಡು ಇನ್ನೂ ವಾಪಸ್ ಬಂದಿಲ್ಲ. "ಮುಂದಿನ ಆರ್ಡರ್‌ಗೆ ಡಿಸ್ಕೌಂಟ್ ಕೊಡ್ತೀನಿ ಬನ್ನಿ" ಅಂತಾರೆ.