ತುಮಕೂರಲ್ಲಿ ಹಳೇ ಕಾರು ಇಟ್ಕೊಂಡಿರೋರು ಓದಿ: ಬಿಸ್ಲಿಗೆ ಪಿಕಪ್ ಹೋಯ್ತು ಅಂತ ಇಂಜಿನ್ ಬಿಚ್ಚೋಕೆ ಕೊಡ್ಬೇಡಿ

ನೇರ ವಿಷ್ಯಕ್ಕೆ ಬರ್ತೀನಿ. ಹಳೇ ಪೆಟ್ರೋಲ್ ಕಾರು ಬೆಳಗ್ಗೆ ಚೆನ್ನಾಗಿ ಓಡ್ತಾ ಇದ್ದು ಮಧ್ಯಾಹ್ನ ಬಿಸ್ಲಲ್ಲಿ ಮಾತ್ರ ಎಳೀತಿಲ್ಲ ಅಂತ ಗ್ಯಾರೇಜಿಗೆ ಹೋದಾಗ, ಅವ್ನು ಬಾನೆಟ್ ಎತ್ತಿ ಎರಡೇ ನಿಮಿಷಕ್ಕೆ "ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್" ಅಂದ್ರೆ ಕೀ ಇಸ್ಕೊಂಡು ಆಚೆ ಬನ್ನಿ. (ಹೆಡ್ ಗ್ಯಾಸ್ಕೆಟ್ ಅಂದ್ರೆ ಇಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ಮಧ್ಯ ಇರೋ ಸೀಲು, ಅದನ್ನ ಬದಲಾಯಿಸೋಕೆ ಇಂಜಿನ್ ಬಿಚ್ಚಬೇಕು.) ನನ್ನ ಹತ್ರ 24,300 ರೂಪಾಯಿ ಕಿತ್ಕೊಂಡ್ರು, ಕಾರು ಹೆಂಗಿತ್ತೋ ಹಂಗೇ ಇತ್ತು, ಅದಕ್ಕಿಂತ ಹೊಟ್ಟೆ ಉರಿಯೋದು ಏನು ಅಂದ್ರೆ ಹಾಕದೇ ಇರೋ ಪಾರ್ಟಿಗೆ ದುಡ್ಡು ಇಸ್ಕೊಂಡಿದಾರೆ. ಹಾಕದೇ ಇರೋ ಪಾರ್ಟಿಗೆ!

ನಂದು 2006ರ ಸ್ಯಾಂಟ್ರೋ. ಕಾರಿನ ಮೇಲೆ ನಂಗೆ ಯಾವ ದೂರೂ ಇಲ್ಲ, ಇಷ್ಟು ವರ್ಷ ಓಡಿದೆ, ಆರ್‌ಸಿ ರಿನ್ಯೂವಲ್ಲೂ ಮಾಡ್ಸಿದೀನಿ. ಹೆಂಡ್ತಿ ತವರು ಪಾವಗಡ, ಹಾಗಾಗಿ ಕೊರಟಗೆರೆ ಮಧುಗಿರಿ ಮೇಲೆ ಆ ರೋಡಲ್ಲಿ ಓಡಾಟ ಇದ್ದೇ ಇರತ್ತೆ, ಏಪ್ರಿಲ್ ತಿಂಗಳಲ್ಲಿ ಆ ಕಡೆ ಬಿಸ್ಲು ಹೆಂಗಿರತ್ತೆ ಅಂತ ಹೋದೋರಿಗೆ ಗೊತ್ತು. ಮಧುಗಿರಿ ದಾಟೋವರೆಗೂ ಏನೂ ಇಲ್ಲ, ಆಮೇಲೆ ಆಕ್ಸಿಲರೇಟರ್ ಒತ್ತಿದ್ರೂ ಗಾಡಿ ಮುಂದಕ್ಕೆ ಹೋಗಲ್ಲ, ಏರಲ್ಲಿ ಜರ್ಕ್ ಹೊಡಿಯತ್ತೆ, ಮೂರನೇ ಗೇರಿಂದ ಎರಡಕ್ಕೆ ಬಾ ಎರಡರಿಂದ ಒಂದಕ್ಕೆ ಬಾ, ಹಿಂದೆ ಲಾರಿಯೋನು ಹಾರ್ನ್ ಹೊಡ್ಕೊಂಡು ಬೈತಾ ಇರ್ತಾನೆ. ಪಕ್ಕಕ್ಕೆ ಹಾಕಿ ಅರ್ಧ ಗಂಟೆ ಹುಣಸೆ ಮರದ ನೆರಳಲ್ಲಿ ನಿಲ್ಸಿದ್ರೆ ಮತ್ತೆ ಏನೂ ಆಗಿಲ್ಲ ಅನ್ನೋ ಥರ ಓಡತ್ತೆ. ಟೆಂಪರೇಚರ್ ಮುಳ್ಳು ಯಾವತ್ತೂ ಅರ್ಧ ದಾಟಿಲ್ಲ. ಕೂಲೆಂಟ್, ಅಂದ್ರೆ ಇಂಜಿನ್ ತಣ್ಣಗಿಡೋ ನೀರು, ಒಂದು ಹನಿ ಕಮ್ಮಿ ಆಗಿಲ್ಲ. ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಯಾಕಂದ್ರೆ ಇದನ್ನೆಲ್ಲ ನಾನು ಆ ಗ್ಯಾರೇಜೋನಿಗೆ ಬಿಡಿಸಿ ಬಿಡಿಸಿ ಹೇಳಿದೀನಿ.

ಗ್ಯಾರೇಜಿನ ಹೆಸ್ರು ಬರೆಯಲ್ಲ. ತುಮಕೂರು ಊರೊಳಗೇ ಇದೆ, ಬೋರ್ಡ್ ದೊಡ್ಡದು, ಒಳಗೆ ಎಸಿ ರೂಮು, ಕಾಫಿ ಕೊಡ್ತಾರೆ. ಓನರ್ರು ಸ್ಕ್ಯಾನರ್ ಹಾಕ್ದ, ತೊಂದ್ರೆ ತೋರಿಸೋ ಕೋಡ್ ಏನೂ ಬರ್ಲಿಲ್ಲ. "ನೋಡಿ ಸಾರ್ ಸೆನ್ಸರ್ ಎಲ್ಲಾ ಓಕೆ, ಅಂದ್ರೆ ಪ್ರಾಬ್ಲಮ್ ಇಂಜಿನ್ ಒಳಗೇ ಇದೆ" ಅಂದ. ಈಗ ಗೊತ್ತಾಗಿದೆ, ಇಷ್ಟು ಹಳೇ ಗಾಡೀಲಿ ಪೆಟ್ರೋಲ್ ಪ್ರೆಶರ್ ನೋಡೋ ಸೆನ್ಸರ್ರೇ ಇರಲ್ಲ, ಹಾಗಾಗಿ ಟ್ಯಾಂಕಿಂದ ಇಂಜಿನ್‌ಗೆ ಪೆಟ್ರೋಲ್ ಕಳ್ಸೋ ಪಂಪ್ ಸಾಯ್ತಾ ಇದ್ರೂ ಸ್ಕ್ಯಾನರ್ ಬಾಯಿ ಬಿಡದೇ ಇರಬಹುದು. ಆಮೇಲೆ ತಪ್ಪನ್ನ ಎಥೆನಾಲ್ ಬೆರೆಸಿದ ಪೆಟ್ರೋಲಿನ ಮೇಲೆ ಹಾಕ್ದ. ಹಳೇ ಗಾಡಿ ರಬ್ಬರ್ ಪೈಪಿಗೆ ಅದು ಒಳ್ಳೇದಲ್ಲ ಅನ್ನೋದು ನಿಜಾನೇ, ಆದ್ರೆ ಇವ್ನು ಅದಕ್ಕೂ ಹೆಡ್ ಗ್ಯಾಸ್ಕೆಟ್ಟಿಗೂ ಗಂಟು ಹಾಕ್ದ ನೋಡಿ! ಮುಳ್ಳು ಅರ್ಧದಲ್ಲೇ ಇರತ್ತಲ್ಲಪ್ಪ ಅಂದ್ರೆ "ಮೀಟರ್ ಸುಳ್ಳು ಹೇಳತ್ತೆ ಸಾರ್".

ಆಮೇಲೆ ನಂಗೆ ಪ್ರೂಫ್ ತೋರಿಸ್ತೀನಿ ಅಂತ ಒಂದು ಆಟ ಆಡ್ದ. ರೇಡಿಯೇಟರ್ ಕ್ಯಾಪ್ ತೆಗ್ದು ಸ್ವಲ್ಪ ನೀರು ಬಸಿದು, ಮತ್ತೆ ತುಂಬ ಕೂಲೆಂಟ್ ಹಾಕಿ ಇಂಜಿನ್ ಸ್ಟಾರ್ಟ್ ಮಾಡ್ದ. ಗುಳ್ಳೆ ಬಂತು. "ನೋಡಿ ಸಾರ್ ಗುಳ್ಳೆ, ಕಂಪ್ರೆಷನ್ ಲೀಕ್ ಆಗಿ ನೀರಿಗೆ ಬರ್ತಿದೆ, ಕಣ್ಣಾರೆ ನೋಡಿ". ನೋಡ್ದೆ. ಯಾರಿಗಾದ್ರೂ ನಂಬಿಕೆ ಬರತ್ತೆ ಕಣ್ರೀ ಅದನ್ನ ನೋಡಿದ್ರೆ. ಈಗ ಗೊತ್ತಾಗಿದ್ದು ಏನು ಅಂದ್ರೆ ಕೂಲೆಂಟ್ ಬಸಿದು ತುಂಬಿದ ಮೇಲೆ ಒಳಗೆ ಸೇರಿದ ಗಾಳಿ ಆಚೆ ಬರೋವಾಗ ಯಾವ ಗಾಡೀಲಾದ್ರೂ ಸ್ವಲ್ಪ ಹೊತ್ತು ಗುಳ್ಳೆ ಬಂದೇ ಬರತ್ತೆ. ನಿಜವಾಗ್ಲೂ ಗ್ಯಾಸ್ಕೆಟ್ ಹೋಗಿದ್ರೆ ಗುಳ್ಳೆ ನಿಲ್ಲದೇ ಬರ್ತಾನೇ ಇರತ್ತೆ, ಸಾಮಾನ್ಯವಾಗಿ ನೀರು ಕಮ್ಮಿ ಆಗ್ತಾ ಹೋಗತ್ತೆ, ಸೈಲೆನ್ಸರಲ್ಲಿ ಬಿಳಿ ಹೊಗೆ ಬರತ್ತೆ, ಇಲ್ಲಾಂದ್ರೆ ಆಯಿಲ್ ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗತ್ತೆ. ನನ್ನ ಗಾಡೀಲಿ ಇದ್ರಲ್ಲಿ ಒಂದೂ ಇರ್ಲಿಲ್ಲ.

ಗಾಡಿ ವಾಪಸ್ ಕೊಟ್ಟಿದ್ದು ಸಂಜೆ ಏಳರ ಮೇಲೆ. ಟ್ರಯಲ್ಲಿಗೆ ರಿಂಗ್ ರೋಡಲ್ಲಿ ಕರ್ಕೊಂಡ್ ಹೋದ, ತಣ್ಣಗೆ ಗಾಳಿ, ಗಾಡಿ ಬಾಣದ ಥರ ಹೋಯ್ತು. ಹೋಗದೇ ಏನು, ಸಂಜೆ ಹೊತ್ತು ಅದು ಮೊದಲಿಂದಲೂ ಚೆನ್ನಾಗೇ ಓಡ್ತಿತ್ತಲ್ಲ! ಬಿಲ್ಲಲ್ಲಿ ಗ್ಯಾಸ್ಕೆಟ್ ಸೆಟ್ಟು, ಹೆಡ್ ಫೇಸಿಂಗ್, ಟೈಮಿಂಗ್ ಬೆಲ್ಟು, ಆಯಿಲ್ಲು, ಕೂಲೆಂಟು, ಲೇಬರ್ರು, ಜೊತೆಗೆ "ಫ್ಯೂಯೆಲ್ ಪಂಪ್ ಅಸೆಂಬ್ಲಿ 6,800". ಇದೇನಪ್ಪ ಹೇಳಿರ್ಲಿಲ್ಲ ಅಂದ್ರೆ, "ಅದೂ ವೀಕ್ ಇತ್ತು ಸಾರ್, ನಿಮಗೆ ಮತ್ತೆ ಓಡಾಟ ಆಗ್ಬಾರ್ದು ಅಂತ ನಾನೇ ಹಾಕ್ಬಿಟ್ಟೆ". ಹಳೇದು ಕೊಡಿ ಅಂದೆ. "ಎಕ್ಸ್‌ಚೇಂಜಲ್ಲಿ ಕಂಪ್ನಿಗೆ ಹೋಯ್ತು ಸಾರ್". ಹಳೇ ಗ್ಯಾಸ್ಕೆಟ್ ಮಾತ್ರ ಕವರಲ್ಲಿ ಹಾಕಿ ಭಕ್ತಿಯಿಂದ ಕೊಟ್ಟ.

ಅದಾದ ವಾರದಲ್ಲೇ ಬಾಮೈದನ ಫ್ಯಾಮಿಲಿ ಕೂರಿಸ್ಕೊಂಡು ದೇವರಾಯನದುರ್ಗಕ್ಕೆ ಹೋಗಿದ್ವಿ. ಮಧ್ಯಾಹ್ನ. ಬೆಟ್ಟ ಹತ್ತೋವಾಗ ಅದೇ ಜರ್ಕು, ಅದೇ ಸುಸ್ತು, ಗಾಡಿ ನಿಂತೇ ಹೋಯ್ತು. ಬಾಮೈದ ಇಳ್ದು ತಳ್ಳೋಕೆ ಬಂದ, ಅವ್ನ ಹೆಂಡ್ತಿ "ಇಪ್ಪತ್ತ್ನಾಲ್ಕು ಸಾವಿರ ಕೊಟ್ರಂತೆ ಅಲ್ವಾ ಅಣ್ಣ" ಅಂತ ಪಾಪ ಮುಗ್ಧವಾಗಿ ಕೇಳಿದ್ಲು. ನಂಗೆ ಭೂಮಿ ಬಾಯಿ ಬಿಡಬಾರ್ದಾ ಅನ್ನಿಸ್ತು. ಅಲ್ಲಿಂದಲೇ ಗ್ಯಾರೇಜಿಗೆ ಫೋನ್ ಮಾಡಿದ್ರೆ ಏನ್ ಹೇಳ್ದ ಗೊತ್ತಾ, "ಸಾರ್ ಈ ಬಿಸ್ಲಿಗೆ ಮನುಷ್ಯರಿಗೇ ಸುಸ್ತಾಗತ್ತೆ, ಅದು ಹಳೇ ಜೀವ, ಎಸಿ ಆಫ್ ಮಾಡ್ಕೊಂಡು ಹತ್ಸಿ". ಎಸಿ ಹಾಕಿದ್ರೆ ಸಣ್ಣ ಇಂಜಿನ್‌ಗೆ ಭಾರ ಆಗತ್ತೆ, ಬಿಸಿ ಗಾಳೀಲಿ ಪವರ್ ಚೂರು ಕಮ್ಮಿ ಆಗತ್ತೆ, ಇದೆಲ್ಲ ನಂಗೂ ಗೊತ್ತು. ಆದ್ರೆ ಚೂರು ಕಮ್ಮಿ ಆಗೋದಕ್ಕೂ ನಿಂತೇ ಹೋಗೋದಕ್ಕೂ ವ್ಯತ್ಯಾಸ ಇಲ್ವಾ?

ಕೊನೆಗೆ ಮಾವನೋರು ಹೇಳಿದ್ರು ಅಂತ ಕೊರಟಗೆರೆ ಕಡೆ ಒಬ್ರು ವಯಸ್ಸಾದ ಮೆಕ್ಯಾನಿಕ್ ಹತ್ರ ಹೋದೆ. ತಗಡಿನ ಶೆಡ್ಡು, ಬೋರ್ಡೂ ಇಲ್ಲ. ಅವ್ರು ಬಾನೆಟ್ಟೇ ಎತ್ತಲಿಲ್ಲ ಮೊದಲು, ಕೇಳಿದ್ರು, "ಒಂದೇ ಸಲ ಸ್ವಿಚ್ ಆಫ್ ಆದಂಗೆ ನಿಲ್ಲತ್ತಾ, ಇಲ್ಲಾ ಸುಸ್ತಾಗಿ ಸುಸ್ತಾಗಿ ನಿಲ್ಲತ್ತಾ?" ಸುಸ್ತಾಗಿ ಅಂದೆ. ಒಂದೇ ಸಲ ಆಫ್ ಆದ್ರೆ ಇಂಜಿನ್ ತಿರುಗೋದನ್ನ ನೋಡೋ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಪಡಬೇಕಂತೆ, ಅದೂ ಬಿಸಿ ಆದಾಗ ಕೈಕೊಡತ್ತೆ. ಆಮೇಲೆ ಕೇಳಿದ್ರು, "ಟ್ಯಾಂಕಲ್ಲಿ ಎಷ್ಟು ಇಟ್ಕೊಂಡಿರ್ತೀರ ಸ್ವಾಮಿ, ಐನೂರು ಐನೂರು ಹಾಕ್ಸೋದಾ?" ಪೆಟ್ರೋಲ್ ಪಂಪ್ ಟ್ಯಾಂಕಿನ ಒಳಗೇ ಇರತ್ತೆ, ಅದನ್ನ ತಣ್ಣಗಿಡೋದು ಅದೇ ಪೆಟ್ರೋಲು. ಟ್ಯಾಂಕ್ ತಳ ಹತ್ತಿದ್ರೆ ಪಂಪ್ ಬಿಸಿ ಏರತ್ತೆ, ಮೋಟ್ರು ಸವೆದಿದ್ರೆ ಬಿಸಿಗೆ ಇನ್ನೂ ಸೋಲತ್ತೆ, ಪ್ರೆಶರ್ ಬೀಳತ್ತೆ. ತಣ್ಣಗಾದ ಮೇಲೆ ಮತ್ತೆ ಸರಿ.

ಹೇಳಿ ಬಿಡ್ಲಿಲ್ಲ, ಟೆಸ್ಟ್ ಮಾಡಿ ತೋರಿಸಿದ್ರು. ಇಂಜಿನ್ ಹತ್ರ ಫ್ಯೂಯೆಲ್ ಲೈನಿಗೆ ಪ್ರೆಶರ್ ಗೇಜ್ ಹಾಕಿ, ಉದ್ದದ ಪೈಪಲ್ಲಿ ಗೇಜನ್ನ ಬಾನೆಟ್ ಆಚೆ ತಂದು ವೈಪರ್‌ಗೆ ಸಿಕ್ಕಿಸಿ, ಮಧ್ಯಾಹ್ನ ಎರಡು ಗಂಟೆ ಬಿಸ್ಲಲ್ಲೇ ಮಧುಗಿರಿ ರೋಡಿಗೆ ಕರ್ಕೊಂಡ್ ಹೋದ್ರು. ಶುರೂಲಿ ಮುಳ್ಳು 3 ಬಾರ್ ಹತ್ರ ಗಟ್ಟಿಯಾಗಿ ನಿಂತಿತ್ತು. ಗಾಡಿ ಕಾದು ಏರಲ್ಲಿ ಜರ್ಕ್ ಶುರುವಾದಾಗ 2ಕ್ಕಿಂತ ಕೆಳಗೆ ಬಂದು ನಡುಗ್ತಾ ಇತ್ತು. ನನ್ನ ಕಣ್ಣೆದುರಿಗೇ. ಇಷ್ಟೇ ಟೆಸ್ಟು ಕಣ್ರೀ, ಇಷ್ಟೇ.

"ಹೊಸ ಪಂಪು ಹಾಕ್ಸಿದೀನಲ್ಲ, ಬಿಲ್ ಇದೆ" ಅಂದೆ ನಾನು. ಅವ್ರು ಏನೂ ಮಾತಾಡ್ಲಿಲ್ಲ, ಶೆಡ್ಡಿಗೆ ಬಂದು ಹಿಂದಿನ ಸೀಟ್ ಎತ್ತಿದ್ರು. ಪಂಪಿಗೆ ಕೈ ಹಾಕೋ ದಾರಿ ಅದೇ, ಸೀಟಿನ ಕೆಳಗಿರೋ ಮುಚ್ಚಳ. ಮುಚ್ಚಳದ ಮೇಲೆ ಧೂಳು ಪದರ ಪದರವಾಗಿ ಕೂತಿದೆ. ಕಡ್ಲೇಕಾಯಿ ಸಿಪ್ಪೆ, ಹುಣಸೆ ಬೀಜ, ಯಾವ ಕಾಲದ್ದೋ ಚಾಕ್ಲೇಟ್ ಕವರ್ರು. ಸ್ಕ್ರೂಗಳು ತುಕ್ಕು ಹಿಡ್ದು ಕಚ್ಕೊಂಡಿವೆ, ಎಣ್ಣೆ ಬಿಟ್ಟು ಕಾದು ಬಿಚ್ಚಬೇಕಾಯ್ತು. ಯಾವನೂ ಅದನ್ನ ಮುಟ್ಟೇ ಇಲ್ಲ! 6,800 ರೂಪಾಯಿ! ಅಜ್ಜ "ಇದು ಗಾಡಿ ಜೊತೆ ಬಂದಿದ್ದೇ ಸ್ವಾಮಿ" ಅಂತ ಮೆಲ್ಲಗೆ ಹೇಳಿದ್ರು. ನಂಗೆ ಕಿವಿ ಎಲ್ಲ ಬಿಸಿ ಆಗೋಯ್ತು. ಬಿಚ್ಚೋಕೆ ಮುಂಚೆ ಫೋಟೋ ತಗೊಂಡೆ, ಅದೊಂದು ಒಳ್ಳೇದಾಯ್ತು.

ಫೋಟೋ ಕಳ್ಸಿದ್ದಕ್ಕೆ ಗ್ಯಾರೇಜೋನ ಉತ್ತರಗಳು ಕೇಳಿ. ಮೊದಲು, "ಹುಡುಗ ಹಾಕಿದ್ದು ಸಾರ್, ಆವತ್ತು ನಾನು ಮದುವೆಗೆ ಹೋಗಿದ್ದೆ". ಆಮೇಲೆ, "ಅದು ವಾಟರ್ ಪಂಪ್ ಸಾರ್, ಹುಡುಗಿ ಬಿಲ್ಲಲ್ಲಿ ಫ್ಯೂಯೆಲ್ ಅಂತ ತಪ್ಪಾಗಿ ಟೈಪ್ ಮಾಡಿದಾಳೆ". ಹಾಗಾದ್ರೆ ಹಳೇ ವಾಟರ್ ಪಂಪ್ ಕೊಡು ಅಂದ್ರೆ "ಗುಜರಿಗೆ ಹೋಯ್ತು ಸಾರ್". ಮೊದಲು ಎಕ್ಸ್‌ಚೇಂಜು, ಈಗ ಗುಜರಿ. ಅಂಗಡಿಗೇ ಹೋಗಿ ನಾಲ್ಕು ಜನರ ಮುಂದೆ ಕೇಳ್ದೆ, ಆಗ ಸ್ವರ ಬದಲಾಯ್ತು, "ಸಾರ್ ನೀವು ಯೂಟ್ಯೂಬ್ ನೋಡ್ಕೊಂಡು ಬಂದು ನಮಗೆ ಕೆಲ್ಸ ಹೇಳ್ಕೊಡ್ಬೇಡಿ, ಆಯ್ತು, ಮುಂದಿನ ಸರ್ವಿಸ್ಸಲ್ಲಿ ಲೇಬರ್ ಬಿಡ್ತೀನಿ ಅಡ್ಜಸ್ಟ್ ಮಾಡ್ಕೊಳ್ಳಿ". ಮುಂದಿನ ಸರ್ವಿಸ್ ಅಂತೆ! ಈಗ ಮೆಸೇಜಿಗೆ ಬ್ಲೂ ಟಿಕ್ ಬರತ್ತೆ, ಉತ್ತರ ಬರಲ್ಲ.

1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣೀಲಿ ದೂರು ಹಾಕಿದೀನಿ. ಅಲ್ಲಿ ಬಗೆಹರೀದೇ ಇದ್ರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗೋದೇ, 5 ಲಕ್ಷದೊಳಗಿನ ಕೇಸಿಗೆ ಅಲ್ಲಿ ಶುಲ್ಕಾನೂ ಇಲ್ಲ. ಬಿಲ್ಲು, ಫೋಟೋ, ಅವ್ನ ವಾಯ್ಸ್ ಮೆಸೇಜು ಎಲ್ಲಾ ಇದೆ.

ನೀವು ಇಷ್ಟು ಮಾಡಿ. ಮಧ್ಯಾಹ್ನ ಬರೋ ಕಾಯಿಲೆಗೆ ಮಧ್ಯಾಹ್ನವೇ ಟ್ರಯಲ್ ಕೇಳಿ, ಸಂಜೆ ಬನ್ನಿ ಅಂದೋನ್ನ ನಂಬಬೇಡಿ. ಪ್ರೆಶರ್ ಗೇಜ್ ಇಲ್ಲದೇ ಪಂಪಿನ ಬಗ್ಗೆ, ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒಳಗೆ ಪ್ರೆಶರ್ ಸರಿಯಾಗಿ ಬರತ್ತಾ ಅಂತ ನೋಡೋದು) ಮಾಡದೇ ಇಂಜಿನ್ ಬಗ್ಗೆ ಮಾತಾಡೋನಿಗೆ ಕೀ ಕೊಡ್ಬೇಡಿ. ಹಳೇ ಪಾರ್ಟ್ ಕೈಗೆ ಬರದೇ ದುಡ್ಡು ಬಿಚ್ಚಬೇಡಿ, ಎಕ್ಸ್‌ಚೇಂಜ್ ಅಂದ್ರೆ ಅದರ ರಶೀದಿ ಕೇಳಿ. ಬೇಸಿಗೇಲಿ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಬಿಡ್ಬೇಡಿ.

ಅಜ್ಜನ ಹತ್ರ ಹೊಸ ಪಂಪು, ಅದರ ಜಾಲರಿ, ಲೇಬರ್ ಎಲ್ಲಾ ಸೇರಿ 5,200 ಆಯ್ತು. ಹಳೇ ಪಂಪು ಡಿಕ್ಕೀಲೇ ಇದೆ, ಆಯೋಗದಲ್ಲಿ ತೋರ್ಸೋಕೆ ಬೇಕು. ಅದೇ ಗ್ಯಾರೇಜಲ್ಲಿ ನಿಮಗೂ ಹಿಂಗೇ ಆಗಿದೆ ಅನ್ನಿಸಿದ್ರೆ ಮೊದಲು ಹಿಂದಿನ ಸೀಟ್ ಎತ್ತಿ ನೋಡಿ, ಆಮೇಲೆ ನಂಗೆ ಮೆಸೇಜ್ ಮಾಡಿ, ಇಬ್ರೂ ಸೇರಿ ಹೋಗೋಣ.