ಎಮಿಷನ್ ಫೇಲ್ ಆಯ್ತು ಅಂತ ಗಾಡಿ ಗ್ಯಾರೇಜಲ್ಲಿ ಬಿಟ್ಟು ಬರೋ ಮೊದ್ಲು ಇದನ್ನ ಓದಿ

ಸ್ವಲ್ಪ ಉದ್ದ ಇದೆ, ಆದ್ರೂ ಓದಿ. ಅದ್ರಲ್ಲೂ ಮನೇಲಿ ರಿಟೈರ್ ಆಗಿರೋ ಅಪ್ಪನೋ ಮಾವನೋ ಗಾಡಿ ಸರ್ವೀಸು, ಎಮಿಷನ್ನು ಅಂತ ತಾವೇ ಓಡಾಡ್ತಾ ಇದ್ರೆ ಅವರಿಗೂ ಓದಿ ಹೇಳಿ. ವಿಷ್ಯ ಏನಪ್ಪಾ ಅಂದ್ರೆ, ಎಮಿಷನ್ ಫೇಲ್ ಆದ ಗಾಡೀನ ಸರಿ ಮಾಡಿ ಕೊಡ್ತೀವಿ ಅಂತ ಒಳಗೆ ತಗೊಂಡು, ಸೈಲೆನ್ಸರ್ ಲೈನಲ್ಲಿರೋ ಕ್ಯಾಟಲಿಟಿಕ್ ಕನ್ವರ್ಟರನ್ನ (ಹೊಗೆಯಲ್ಲಿರೋ ವಿಷಾನಿಲ ಕಮ್ಮಿ ಮಾಡೋ ಡಬ್ಬ) ಕೊಯ್ದು, ಒಳಗಿನ ಸರಕು ತೆಗೆದು ಮಾರ್ಕೊಂಡು, ಖಾಲಿ ಡಬ್ಬಕ್ಕೆ ವೆಲ್ಡಿಂಗ್ ಹಾಕಿ ವಾಪಸ್ ಕೊಡೋರು ಇದಾರೆ. ಆ ಕೆಲಸಕ್ಕೆ ಬಿಲ್ಲೂ ನಮ್ಮತ್ರಾನೇ ಈಸ್ಕೋತಾರೆ. ಬೆಂಗಳೂರಲ್ಲಿ ನಮ್ಮಪ್ಪನ ಗಾಡಿಗೆ ಇದೇ ಆಗಿರೋದು.

ಗಾಡಿ 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಬಿಎಸ್4 (ಗಾಡಿ ಹೊಗೆಗೆ ಸರ್ಕಾರ ಇಟ್ಟಿರೋ ಮಾನದಂಡ, ಈಗಿಂದು ಬಿಎಸ್6). ಜಾಸ್ತಿ ಓಡಿಲ್ಲ, ಮಾರ್ಕೆಟ್ಟು, ದೇವಸ್ಥಾನ, ಯಾವಾಗ್ಲಾದ್ರೂ ಹಾಸನಕ್ಕೆ ಹೋಗಿ ಬರೋದು ಅಷ್ಟೇ. ಬಿಎಸ್4 ಮತ್ತೆ ಅದಾದ್ಮೇಲಿನ ಗಾಡಿಗಳಿಗೆ ಎಮಿಷನ್ ಸರ್ಟಿಫಿಕೇಟು ವರ್ಷಕ್ಕೊಂದು ಸಲ (ಹಳೇ ಗಾಡಿಗಳಿಗೆ ಆರು ತಿಂಗಳು). ಅಪ್ಪ ಡೇಟ್ ಮುಗಿಯೋ ಹೊತ್ತಿಗೆ ಸರಿಯಾಗಿ ಹೋಗಿದಾರೆ, ರೋಡ್ ಪಕ್ಕದ ಎಮಿಷನ್ ಸೆಂಟರಲ್ಲಿ ಪೈಪ್ ಹಾಕಿ ನೋಡಿ "ಫೇಲ್ ಅಂಕಲ್" ಅಂದ ಹುಡುಗ. ಅಪ್ಪ ಎಷ್ಟು ಬಂತು ಬರ್ಕೊಡಪ್ಪಾ ಅಂತ ಕೇಳಿದ್ದಕ್ಕೆ ಒಂದು ಹಳೇ ರಸೀದಿ ಹಿಂದೆ ಪೆನ್ನಲ್ಲಿ ಗೀಚಿ ಕೊಟ್ಟಿದಾನೆ, ಎಚ್‌ಸಿ 460, ಸಿಓ 0.22. ಈ ಚೀಟಿ ಇವತ್ತಿಗೂ ನನ್ನತ್ರ ಇದೆ, ಆಮೇಲೆ ಇಡೀ ಜಗಳ ನಿಂತಿದ್ದೇ ಇದರ ಮೇಲೆ.

ಈ ನಂಬರು ಏನು ಅಂತ ಒಂದ್ಸಲ ತಿಳ್ಕೊಂಬಿಡಿ, ಕಷ್ಟ ಏನಿಲ್ಲ. ಬಿಎಸ್4, ಬಿಎಸ್6 ಪೆಟ್ರೋಲ್ ಕಾರಿಗೆ ಐಡಲಲ್ಲಿ (ಆಕ್ಸಿಲರೇಟರ್ ಒತ್ತದೇ ಇಂಜಿನ್ ಸುಮ್ನೆ ಓಡ್ತಿರೋವಾಗ) ಸಿಓ ಅಂದ್ರೆ ಕಾರ್ಬನ್ ಮೊನಾಕ್ಸೈಡ್ 0.3 ಪರ್ಸೆಂಟ್ ದಾಟಬಾರದು, ಎಚ್‌ಸಿ ಅಂದ್ರೆ ಸುಡದೇ ಹಾಗೇ ಆಚೆ ಬರೋ ಪೆಟ್ರೋಲು 200 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ದಾಟಬಾರದು. ಆಮೇಲೆ ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂ ಹತ್ರ ಇಟ್ಟು ಇನ್ನೊಂದ್ಸಲ ನೋಡ್ಬೇಕು, ಅಲ್ಲಿ ಸಿಓ 0.2, ಲ್ಯಾಂಬ್ಡಾ (ಗಾಳಿ ಪೆಟ್ರೋಲು ಸರಿಯಾದ ಪ್ರಮಾಣದಲ್ಲಿದ್ಯಾ ಅನ್ನೋ ಅಳತೆ) 0.97ರಿಂದ 1.03ರ ಒಳಗೆ. (ಎಷ್ಟು ಸೆಂಟರಲ್ಲಿ ಈ ಎರಡನೇ ಸಲ ನೋಡ್ತಾರೋ ದೇವರಿಗೇ ಗೊತ್ತು.) ನಮ್ಮ ಗಾಡೀಲಿ ಸಿಓ ಲಿಮಿಟ್ ಒಳಗಿದೆ, ಎಚ್‌ಸಿ ಮಾತ್ರ ಡಬಲ್ಲಿಗಿಂತ ಜಾಸ್ತಿ. ಸಿಓ ಜಾಸ್ತಿ ಅಂದ್ರೆ ಪೆಟ್ರೋಲ್ ಜಾಸ್ತಿ ಗಾಳಿ ಕಮ್ಮಿ, ಅಂದ್ರೆ ಏರ್ ಫಿಲ್ಟರೋ ಆಕ್ಸಿಜನ್ ಸೆನ್ಸರೋ ಇಂಜೆಕ್ಟರ್ ಲೀಕೋ ನೋಡ್ಬೇಕು. ಸಿಓ ಸರಿ ಇದ್ದು ಎಚ್‌ಸಿ ಮಾತ್ರ ಏರಿದ್ರೆ ಬಹುತೇಕ ಯಾವ್ದೋ ಒಂದು ಸಿಲಿಂಡರ್ ಮಿಸ್ ಹೊಡೀತಿದೆ, ಅಂದ್ರೆ ಅದ್ರಲ್ಲಿ ಪೆಟ್ರೋಲ್ ಸರಿಯಾಗಿ ಉರೀತಿಲ್ಲ, ಕಿಡಿ ಕೊಡೋ ಪ್ಲಗ್ಗು ಇಲ್ಲಾ ಅದಕ್ಕೆ ಕರೆಂಟ್ ಕೊಡೋ ಕಾಯಿಲ್ಲು. ಎರಡ್ಮೂರು ಸಾವಿರದಲ್ಲಿ ಮುಗಿಯೋ ಕೆಲಸ.

ಅಪ್ಪಂಗೆ ಯಾರೂ ಇದನ್ನ ಹೇಳಿಲ್ಲ. ಸೆಂಟರ್ ಹುಡುಗ "ಪಕ್ಕದ ರೋಡಲ್ಲಿ ನಮ್ಮೋರದ್ದೇ ಗ್ಯಾರೇಜ್ ಇದೆ, ಕೊಟ್ಬಿಡಿ, ಸರ್ಟಿಫಿಕೇಟ್ ಸಮೇತ ರೆಡಿ ಮಾಡಿ ಕೊಡ್ತಾರೆ" ಅಂದಿದಾನೆ. ಗ್ಯಾರೇಜವನು ಬಾನೆಟ್ ಕೂಡ ಎತ್ತಿಲ್ಲ, ಬಗ್ಗಿ ಸೈಲೆನ್ಸರ್ ನೋಡಿ "ಬ್ಲಾಕ್ ಆಗಿದೆ ಯಜಮಾನ್ರೇ, ಬಿಚ್ಚಿ ಕ್ಲೀನ್ ಮಾಡ್ಬೇಕು, ಹಿಂಗೇ ಓಡ್ಸಿದ್ರೆ ಇಂಜಿನ್ ಹೋಗತ್ತೆ" ಅಂತ ಹೆದರ್ಸಿದಾನೆ. ಅದು ಸಾಲ್ದು ಅಂತ, ಎಮಿಷನ್ ಇಲ್ಲ ಅಂದ್ರೆ ಹತ್ತು ಸಾವಿರ ಫೈನು, ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸಲ್ಲಿ ಒಂದ್ರೂಪಾಯಿ ಬರಲ್ಲ ಅಂತ ಬೇರೆ.

ಇಲ್ಲೊಂದು ಮಾತು. ಕಾಯ್ದೇಲಿ 2019ರ ತಿದ್ದುಪಡಿ ಆದ್ಮೇಲೆ ಹತ್ತು ಸಾವಿರದ ತನಕ ಅಂತ ಇರೋದು ನಿಜ, ಆದ್ರೆ ಅದು ಗರಿಷ್ಠ. ಇನ್ಶೂರೆನ್ಸ್ ಮಾತು ಮಾತ್ರ ಶುದ್ಧ ಸುಳ್ಳು, ಎಮಿಷನ್ ಸರ್ಟಿಫಿಕೇಟ್ ಇಲ್ಲ ಅನ್ನೋ ಕಾರಣಕ್ಕೆ ಕ್ಲೈಮ್ ನಿರಾಕರಿಸೋ ಹಾಗಿಲ್ಲ ಅಂತ ಇನ್ಶೂರೆನ್ಸ್ ಕಂಪನಿಗಳ ಮೇಲ್ವಿಚಾರಣೆ ಮಾಡೋ ಐಆರ್‌ಡಿಎಐ 2020ರಲ್ಲೇ ಸ್ಪಷ್ಟ ಮಾಡಿದೆ. ಸರ್ಟಿಫಿಕೇಟ್ ಇಲ್ದೇ ಪಾಲಿಸಿ ರಿನ್ಯೂ ಮಾಡಬಾರದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, ಆ ಷರತ್ತನ್ನೂ 2024ರಲ್ಲಿ ಕೋರ್ಟೇ ತೆಗೆದುಹಾಕಿದೆ. ಹಾಗಂತ ಎಮಿಷನ್ ಮಾಡಿಸ್ಬೇಡಿ ಅಂತಲ್ಲ, ಮಾಡಿಸಿ, ಆದ್ರೆ ಈ ಹೆದರಿಕೆಗೆ ಗಾಡಿ ಕೀ ಕೈಗೆ ಕೊಟ್ಟು ಬರಬೇಡಿ.

ಗಾಡಿ ವಾಪಸ್ ಬಂದಾಗ ಬಿಲ್ಲು 6,800 ರೂ. ಸೈಲೆನ್ಸರ್ ಕ್ಲೀನಿಂಗ್, ಡೀಕಾರ್ಬನೈಸಿಂಗ್, ಇಂಜೆಕ್ಟರ್ ಕ್ಲೀನಿಂಗ್, ಟ್ಯೂನಿಂಗ್ ಅಂತ ನಾಲ್ಕು ಲೈನು. ಇಂಜೆಕ್ಷನ್ ಗಾಡೀಲಿ ಟ್ಯೂನಿಂಗ್ ಅಂತ ಅವನು ಏನನ್ನ ತಿರುಗ್ಸಿದ್ನೋ ನಂಗಂತೂ ಗೊತ್ತಾಗ್ಲಿಲ್ಲ, ಕಾರ್ಬೊರೇಟರ್ ಕಾಲದ ಪದ ಅದು. ಜೊತೆಗೆ ಎಮಿಷನ್ ಸರ್ಟಿಫಿಕೇಟು, ಪಾಸ್. ಅಪ್ಪ ಖುಷಿಯಾಗಿದ್ರು, ಪಿಕಪ್ ಚೆನ್ನಾಗಾಗಿದೆ ಅಂತ. ಸೌಂಡ್ ಸ್ವಲ್ಪ ದಪ್ಪ ಆಗಿತ್ತು, ಕ್ಲೀನ್ ಆಗಿರೋದಕ್ಕೆ ಹಂಗೆ ಅಂದಿದ್ರಂತೆ. ಆಮೇಲೆ ಅಮ್ಮ ಶುರು ಮಾಡಿದ್ರು, ಸಿಗ್ನಲ್ಲಲ್ಲಿ ನಿಂತ್ರೆ ಗ್ಲಾಸ್ ಇಳಿಸಕ್ಕಾಗಲ್ಲ, ಕಣ್ಣು ಉರಿಯತ್ತೆ, ಪೆಟ್ರೋಲ್ ವಾಸನೆ ಅಂತ. ಗಾಡಿ ನಿಂತಾಗ ಮೊದ್ಲಿನ ಥರಾನೇ ಸಣ್ಣಗೆ ನಡುಗ್ತಾನೂ ಇತ್ತು. ಇದಾದ ಸ್ವಲ್ಪ ದಿನಕ್ಕೆ ಡ್ಯಾಶಲ್ಲಿ ಇಂಜಿನ್ ಲೈಟ್ ಹತ್ಕೊಂತು.

ಅಷ್ಟೊತ್ತಿಗೆ ನಾನು ಗಾಡಿ ತಗೊಂಡು ನಮಗೆ ಗೊತ್ತಿರೋ ಹಳೇ ಮೆಕ್ಯಾನಿಕ್ ಒಬ್ರ ಹತ್ರ ಹೋದೆ. ಸ್ಕ್ಯಾನರ್ ಹಾಕಿದ್ರೆ ಎರಡು ಕೋಡು. ಪಿ0302, ಅಂದ್ರೆ ಎರಡನೇ ಸಿಲಿಂಡರ್ ಮಿಸ್. ಪಿ0420, ಅಂದ್ರೆ ಕ್ಯಾಟಲಿಟಿಕ್ ಕನ್ವರ್ಟರ್ ಮಾಡಬೇಕಾದಷ್ಟು ಕೆಲಸ ಮಾಡ್ತಿಲ್ಲ. ಮೊದಲನೇದು ಬಿಡಿ, ಕಾಯಿಲ್ ವೀಕ್ ಆಗಿತ್ತು, ಪ್ಲಗ್ಗಿನ ತುದಿ ಸವೆದು ಗ್ಯಾಪ್ ಅಗಲ ಆಗಿತ್ತು, ನಾಲ್ಕು ಪ್ಲಗ್ಗು ಒಂದು ಕಾಯಿಲ್ ಹಾಕಿ ಮುಗೀತು. ಅಂದ್ರೆ 6,800 ಈಸ್ಕೊಂಡೋನು ಗಾಡಿ ಫೇಲ್ ಆಗಿದ್ದ ಕಾರಣಾನ ಮುಟ್ಟೇ ಇರ್ಲಿಲ್ಲ! ಎರಡನೇ ಕೋಡ್ ನೋಡಿ ಮೆಕ್ಯಾನಿಕ್ ಗಾಡಿ ಲಿಫ್ಟಿಗೆ ಏರ್ಸಿ, ಕನ್ವರ್ಟರ್ ಡಬ್ಬಕ್ಕೆ ರಬ್ಬರ್ ಸುತ್ತಿಗೇಲಿ ಮೆಲ್ಲಗೆ ತಟ್ಟಿ, "ಸಾರ್ ಇಲ್ಲಿ ಬನ್ನಿ, ಸೌಂಡ್ ಕೇಳಿ" ಅಂದ್ರು. ಟಣ್ ಅಂತು. ಡಬ್ಬದ ಒಂದು ಕಡೆ ಉದ್ದಕ್ಕೆ ಹೊಸಾ ವೆಲ್ಡಿಂಗು, ಮೇಲೆ ಸಿಲ್ವರ್ ಪೇಂಟು. ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಲ್ಲಿ ಸಣ್ಣ ಕ್ಯಾಮೆರಾ ಬಿಟ್ರು. ಜೇನುಗೂಡಿನ ಥರ ಸಣ್ಣಸಣ್ಣ ಕಣ್ಣಿರೋ ಸೆರಾಮಿಕ್ ಇರಬೇಕಾದ ಜಾಗದಲ್ಲಿ ಬರೀ ತಗಡು.

ಆ ಸೆರಾಮಿಕ್ಕಿಗೆ ಯಾಕಿಷ್ಟು ಬೇಡಿಕೆ ಅಂದ್ರೆ ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನ ಇರತ್ತೆ, ಗ್ರಾಂ ಲೆಕ್ಕದಲ್ಲೇ ಇರೋದು ಆದ್ರೆ ದುಬಾರಿ ಲೋಹ. ಗುಜರಿಯೋರು ಡಬ್ಬದ ಮೇಲಿನ ನಂಬರ್ ನೋಡೇ ರೇಟ್ ಹೇಳ್ತಾರಂತೆ. ದೇಶದ ಎಷ್ಟೋ ಊರಲ್ಲಿ ಮಾರುತಿ ಈಕೋ ಗಾಡಿಗಳ ಸೈಲೆನ್ಸರ್ ರಾತ್ರೋರಾತ್ರಿ ಕದ್ದ ಸುದ್ದಿ ಓದಿರ್ತೀರಲ್ಲ, ಅದೂ ಇದಕ್ಕೇನೇ. ರೋಡಲ್ಲಿ ನಿಂತಿರೋ ಗಾಡಿ ಕೆಳಗೆ ತೂರಿ ಕದಿಯೋದು ರಿಸ್ಕು, ಗ್ಯಾರೇಜಲ್ಲಿ ನಾವೇ ಕೈಯಾರೆ ಬಿಟ್ಟು ಬರ್ತೀವಿ, ಸೈಲೆನ್ಸರ್ ಬಿಚ್ಚಕ್ಕೆ ಒಪ್ಪಿಗೇನೂ ಕೊಟ್ಟಿರ್ತೀವಿ. ಕೆಲಸ ಎಷ್ಟು ಸಲೀಸು ನೋಡಿ.

ಮನೆಗೆ ಬಂದು ಆ ಸರ್ಟಿಫಿಕೇಟ್ ತೆಗೆದು ಸರಿಯಾಗಿ ನೋಡ್ದೆ. ಸಿಓ 0.04, ಎಚ್‌ಸಿ 38. ಕನ್ವರ್ಟರ್ ಇಲ್ದೇ ಇರೋ, ಒಂದು ಸಿಲಿಂಡರ್ ಮಿಸ್ ಹೊಡೀತಿರೋ ಗಾಡಿಗೆ! ಟೆಸ್ಟ್ ಟೈಮು ಸಂಜೆ 4.42. ಅದೇ ದಿನ 4.50ಕ್ಕೆ ಗ್ಯಾರೇಜಿಂದ ಅಪ್ಪನ ವಾಟ್ಸಾಪಿಗೆ "ವರ್ಕ್ ನಡೀತಿದೆ" ಅಂತ ಫೋಟೋ ಬಂದಿತ್ತು, ಗಾಡಿ ಲಿಫ್ಟ್ ಮೇಲೆ, ಸೈಲೆನ್ಸರ್ ನೆಲದ ಮೇಲೆ. ಸರ್ಟಿಫಿಕೇಟಲ್ಲಿರೋ ಗಾಡಿ ಫೋಟೋದಲ್ಲಿ ಹಿಂದಿನ ಗ್ಲಾಸ್ ತುಂಬಾ ಕೆಸರು, ಅದು ಮೊದಲು ಫೇಲ್ ಆದ ದಿನದ್ದು, ಯಾಕಂದ್ರೆ ಗ್ಯಾರೇಜಿಗೆ ಬಿಡೋ ಹಿಂದಿನ ದಿನ ಅಪ್ಪ ಗಾಡಿ ತೊಳೆದಿದ್ರು. ಅಂದ್ರೆ ಹಳೇ ಫೋಟೋ, ಟೆಸ್ಟ್ ಪೈಪ್ ಹಾಕಿದ್ದು ಬೇರೆ ಯಾವ್ದೋ ಗಾಡಿಗೆ. ಎಮಿಷನ್ ಸೆಂಟರು ಗ್ಯಾರೇಜು ಎರಡೂ ಒಂದೇ ಅಂಗಡಿ ಅನ್ಕೊಳ್ಳಿ.

ಗ್ಯಾರೇಜವನು ಮೊದ್ಲು ನಾವು ಮುಟ್ಟೇ ಇಲ್ಲ ಅಂದ. ವೆಲ್ಡಿಂಗ್ ಫೋಟೋ, ವಾಟ್ಸಾಪ್ ಫೋಟೋ ತೋರ್ಸಿದ್ಮೇಲೆ ವರಸೆ ಬದಲಾಯ್ತು, "ಒಳಗೆ ಪುಡಿಪುಡಿ ಆಗಿತ್ತು ಸಾರ್, ಬಿಸಾಕಿದ್ವಿ, ಈಗ ಎಲ್ರೂ ತೆಗೆಸ್ತಾರೆ, ಮೈಲೇಜ್ ಬರತ್ತೆ." ಪುಡಿ ಆಗಿದ್ರೆ ಗಾಡಿ ಅಲುಗಾಡ್ಸಿದ್ರೆ ಗಲಗಲ ಅನ್ನಬೇಕಿತ್ತು, ಅದು ಅಂದಿಲ್ಲ. ಮೇಲಾಗಿ ಆ ರಸೀದಿ ಹಿಂದಿನ ಚೀಟಿ. ನಮ್ಮ ಮೆಕ್ಯಾನಿಕ್ ಹೇಳಿದ ಪ್ರಕಾರ ಸಿಓ 0.22 ಬಂದಿದೆ ಅಂದ್ರೆ ಕನ್ವರ್ಟರ್ ಅವತ್ತು ಕೆಲಸ ಮಾಡ್ತಿತ್ತು. ಪ್ಲಗ್ ಕಾಯಿಲ್ ಹೊಸದು ಹಾಕಿದ್ಮೇಲೆ, ಇಂಜಿನ್ ಪೂರ್ತಿ ಸರಿ ಇದ್ದಾಗ ಬೇರೆ ಕಡೆ ಅಳತೆ ಮಾಡ್ಸಿದ್ರೆ ಸಿಓ 0.6 ಮೇಲೇ ತೋರಿಸ್ತು, ಖಾಲಿ ಡಬ್ಬ ಅಲ್ವಾ. ಇಷ್ಟೆಲ್ಲ ಮುಂದಿಟ್ಟ ಮೇಲೆ ಬಿಲ್ ದುಡ್ಡು ವಾಪಸ್ ಕೊಟ್ಟ, ಕನ್ವರ್ಟರ್ ದುಡ್ಡು ಕೊಡಲ್ಲ ಅಂದ.

ಹೊಸ ಕನ್ವರ್ಟರಿಗೆ ಶೋರೂಮಲ್ಲಿ ನಲವತ್ತು ಸಾವಿರದ ಹತ್ರ ಹೇಳಿದ್ರು. ಗಾಡಿ ಬಿಡಿಭಾಗ ಮಾರೋ ಜೆಸಿ ರೋಡಲ್ಲಿ ವಿಚಾರಿಸಿದ್ರೆ ಆರೇಳು ಸಾವಿರಕ್ಕೂ "ಎಲ್ಲಾ ಗಾಡಿಗೂ ಆಗೋದು" ಸಿಗತ್ತೆ, ನಮ್ಮ ಮೆಕ್ಯಾನಿಕ್ ಬೇಡ ಅಂದ್ರು, ಅದ್ರಲ್ಲಿ ಲೇಪನ ಹೆಸರಿಗಷ್ಟೇ, ಕೆಲವೇ ತಿಂಗಳಲ್ಲಿ ಅದೇ ಪಿ0420 ವಾಪಸ್ ಬರತ್ತೆ ಅಂತ. ಕಂಪನಿದೇ ಹಾಕಿಸಿದ್ವಿ.

ಈಗ ನಿಮ್ಮ ಗಾಡಿ ವಿಷಯ. ಎಮಿಷನ್ನಿಗೆ ಹೋಗೋ ಮೊದ್ಲು ಇಂಜಿನ್ ಲೈಟ್ ಹತ್ತಿದ್ಯಾ ನೋಡಿ, ಹತ್ತಿದ್ರೆ ಅದನ್ನ ಸರಿ ಮಾಡಿಸದೇ ಹೋಗೋದು ದಂಡ. ಮನೆಯಿಂದ ಪಕ್ಕದ ರೋಡಿಗೆ ತಣ್ಣಗಿರೋ ಗಾಡಿ ತಗೊಂಡು ಹೋಗ್ಬೇಡಿ, ಕನ್ವರ್ಟರ್ ಸುಮಾರು 250–300 ಡಿಗ್ರಿ ಬಿಸಿ ಆದ್ಮೇಲೇನೇ ಕೆಲಸ ಶುರು ಮಾಡೋದು, ಇಪ್ಪತ್ತು ನಿಮಿಷ ಚೆನ್ನಾಗಿ ಓಡ್ಸಿ ಬಿಸಿಬಿಸಿ ಇರೋವಾಗ್ಲೇ ಟೆಸ್ಟಿಗೆ ನಿಲ್ಸಿ, ಎಸಿ ಆಫ್ ಮಾಡಿ. ಎಷ್ಟೋ ಒಳ್ಳೇ ಗಾಡಿಗಳು ಫೇಲ್ ಆಗೋದೇ ತಣ್ಣಗಿದ್ದಾಗ ಪೈಪ್ ಹಾಕಿದ್ದಕ್ಕೆ. ಆಯಿಲ್ ಹತ್ತು ಸಾವಿರ ಕಿಲೋಮೀಟರೋ ಒಂದು ವರ್ಷವೋ ಯಾವ್ದು ಮೊದ್ಲೋ ಆಗ ಬದಲಾಯಿಸಿ, ಕಮ್ಮಿ ಓಡೋ ಗಾಡಿಯೋರು ವರ್ಷದ ಲೆಕ್ಕ ಮರೀತಾರೆ, ಹಳೇ ಆಯಿಲಲ್ಲಿ ಪೆಟ್ರೋಲ್ ಸೇರ್ಕೊಂಡು ಅದರ ಆವಿ ಇಂಜಿನ್ನೊಳಗೆ ವಾಪಸ್ ಹೋಗಿ ಎಚ್‌ಸಿ ಏರ್ಸತ್ತೆ. ಏರ್ ಫಿಲ್ಟರ್ ನೀವೇ ಕ್ಲಿಪ್ ತೆಗೆದು ನೋಡಬಹುದು. ಪ್ಲಗ್ ಯಾವಾಗ ಬದಲಾಯಿಸ್ಬೇಕು ಅಂತ ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿದೆ. ಮಿಸ್ ಹೊಡೆಯೋ ಗಾಡೀನ ಹಾಗೇ ತಿಂಗಳುಗಟ್ಲೆ ಓಡ್ಸಿದ್ರೆ ಸುಡದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನೇ ಕರಗಿಸಿಬಿಡತ್ತೆ, ಆಗ ಕಳ್ಳರೇ ಬೇಕಾಗಿಲ್ಲ.

ಫೇಲ್ ಆದ್ರೆ ಬಾಯಿಮಾತಲ್ಲಿ ಕೇಳ್ಕೊಂಡು ಬರಬೇಡಿ. ರೀಡಿಂಗ್ ಸಮೇತ ರಿಜೆಕ್ಷನ್ ಸ್ಲಿಪ್ ಕೊಡಬೇಕು ಅಂತ 2021ರಿಂದ ನಿಯಮಾನೇ ಇದೆ, ಕೇಳಿ ಈಸ್ಕೊಳ್ಳಿ, ಕೊಡ್ದಿದ್ರೆ ಸ್ಕ್ರೀನಿಂದ ಫೋಟೋ ಆದ್ರೂ ತಗೊಳ್ಳಿ. ಅದನ್ನ ಟೆಸ್ಟ್ ಮಾಡಿದವರ ಪರಿಚಯದ ಗ್ಯಾರೇಜ್ ಬಿಟ್ಟು ಬೇರೆ ಎಲ್ಲಿಗಾದ್ರೂ ತಗೊಂಡು ಹೋಗಿ. ಸೈಲೆನ್ಸರ್ ಬಿಚ್ತೀವಿ ಅಂದ್ರೆ ಯಾಕೆ ಅಂತ ಕೇಳಿ, ಎದುರಿಗೇ ನಿಂತ್ಕೊಳ್ಳಿ, ಬಿಚ್ಚೋಕೆ ಮುಂಚೆ ಕನ್ವರ್ಟರ್ ಡಬ್ಬದ ಫೋಟೋ, ಅದರ ಮೇಲೆ ಕೊರೆದಿರೋ ನಂಬರ್ ಫೋಟೋ ತಗೊಳ್ಳಿ. ಕೆಲವು ಗಾಡೀಲಿ ಕನ್ವರ್ಟರ್ ಇಂಜಿನ್ನಿಗೆ ಅಂಟ್ಕೊಂಡೇ ಇರತ್ತೆ, ಕೆಲವದ್ರಲ್ಲಿ ಸೀಟಿನ ಕೆಳಗೆ. ಬಿಎಸ್6 ಡೀಸೆಲ್ ಇರೋರಿಗೆ ಇದೇ ಕಥೆ ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಹೆಸರಲ್ಲಿ ನಡಿಯತ್ತೆ, ತೆಗೆಸ್ಬಿಡಿ ಸಾರ್ ತಲೆನೋವು ಅಂತಾರೆ. ತೆಗೆಸಿದ್ರೆ ಹೊಗೆಯ ಲಿಮಿಟ್ಟು (ಹೊಗೆ ಎಷ್ಟು ದಟ್ಟ ಅನ್ನೋ ಅಳತೆ) 0.7, ಹೇಗೆ ಪಾಸ್ ಮಾಡ್ತೀರ?

ಮತ್ತೆ ಸರ್ಟಿಫಿಕೇಟ್ ಯಾರೇ ಮಾಡಿಸ್ಕೊಟ್ರೂ ಪರಿವಾಹನ್ ಸೈಟಲ್ಲಿ ಗಾಡಿ ನಂಬರು, ಚಾಸಿಸ್ ನಂಬರಿನ ಕೊನೇ ಐದು ಅಕ್ಷರ ಹಾಕಿ ತೆಗೆದು ನೋಡಿ. ಟೈಮು, ಫೋಟೋ, ರೀಡಿಂಗು ಎಲ್ಲಾ ಇರತ್ತೆ. ಆ ಹೊತ್ತಿಗೆ ನಿಮ್ಮ ಗಾಡಿ ಎಲ್ಲಿತ್ತು ಅಂತ ನಿಮಗೆ ಗೊತ್ತಿರತ್ತಲ್ಲ.

ಗ್ಯಾರೇಜ್ ಹೆಸರು ಕೇಳ್ಬೇಡಿ, ದೂರು ಕೊಟ್ಟಿದೀವಿ, ನಡೀತಿರೋವಾಗ ಹಾಕಲ್ಲ. ಸುಳ್ಳು ಸರ್ಟಿಫಿಕೇಟ್ ಬಗ್ಗೆ ಆರ್‌ಟಿಓಗೆ ಅಪ್ಪಾನೇ ಕೈಬರಹದಲ್ಲಿ ನಾಲ್ಕು ಪುಟದ ಅರ್ಜಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಂಡು ಬಂದಿದಾರೆ, ಕನ್ವರ್ಟರ್ ದುಡ್ಡಿಗೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೀವಿ. ಇಂಥ ಕೇಸಲ್ಲಿ ಜಿಲ್ಲಾ ಗ್ರಾಹಕ ಆಯೋಗದ ತನಕ ಹೋದೋರು ಯಾರಾದ್ರೂ ಇದ್ರೆ, ಮೆಕ್ಯಾನಿಕ್ ಬರ್ಕೊಟ್ಟ ಚೀಟಿ ಸಾಕಾಗತ್ತಾ ಇಲ್ಲಾ ಶೋರೂಮಿಂದಾನೇ ರಿಪೋರ್ಟ್ ಬೇಕಾ ಅನ್ನೋದನ್ನ ದಯವಿಟ್ಟು ತಿಳ್ಸಿ.