ಸೌಂಡ್ ಚಿಪ್ ಸುಟ್ಟಿದೆ ಅಂದರೆ ನಂಬಬೇಡಿ, ನಾನು 3,000 ಕೊಟ್ಟು ಬಂದಿದ್ದೇನೆ

ರಾಯಚೂರಿನಲ್ಲಿ ಕಂಪ್ಯೂಟರ್ ರಿಪೇರಿಗೆ ಕೊಡುವವರು ದಯವಿಟ್ಟು ಇದನ್ನು ಓದಿ ಆಮೇಲೆ ಕೊಡಿ. ಅಂಗಡಿ ಹೆಸರು ಬರೆಯುವುದಿಲ್ಲ, ಕೇಳಬೇಡಿ. ಬರೆಯಲೇ ನಾಚಿಕೆ ಆಗುತ್ತಿದೆ. ಅವನು ಹೇಳಿದ್ದಕ್ಕೆಲ್ಲ ಹೂಂ ಹೂಂ ಅಂತ ತಲೆ ಅಲ್ಲಾಡಿಸಿದವನು ನಾನೇ.

ನಮ್ಮಪ್ಪ ಅಮಾವಾಸ್ಯೆ ಭಜನೆಯಲ್ಲಿ ತತ್ವಪದ ಹಾಡುತ್ತಿದ್ದರು. ಆ ಕ್ಯಾಸೆಟ್‌ಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಚಹಾ ಕುಡಿಯುವಾಗ ವಿಎಲ್‌ಸಿ ಅನ್ನುವ ಪ್ಲೇಯರಿನಲ್ಲಿ ಒಂದೆರಡು ಪದ ಹಚ್ಚುವುದು ರೂಢಿ. ಒಂದು ದಿನ ಹಚ್ಚಿದರೆ ಹಾಡು ಓಡುತ್ತಿದೆ, ಗೆರೆ ಮುಂದೆ ಹೋಗುತ್ತಿದೆ, ಸೆಕೆಂಡು ಎಣಿಸುತ್ತಿದೆ, ಸೌಂಡ್ ಮಾತ್ರ ಇಲ್ಲ. ಸ್ಪೀಕರ್ ವೈರ್ ಕಿತ್ತು ಮತ್ತೆ ಚುಚ್ಚಿದೆ. ಇಲ್ಲ. ಬಂದ್ ಮಾಡಿ ಚಾಲೂ ಮಾಡಿದೆ. ಇಲ್ಲ. ಯೂಟ್ಯೂಬ್ ಹಚ್ಚಿದರೆ ಅದೇ ಸ್ಪೀಕರಿನಲ್ಲಿ ಚೆನ್ನಾಗಿ ಬರುತ್ತದೆ. ಇದನ್ನು ನೆನಪಿಡಿ. ಯೂಟ್ಯೂಬ್ ಬರುತ್ತಿತ್ತು.

ಸಿಪಿಯು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ತೀನ್ ಕಂದೀಲ್ ದಾಟಿ ಅಂಗಡಿಗೆ ಹೋದೆ. ಏಪ್ರಿಲ್ ಬಿಸಿಲು, ಹೇಳುವುದೇ ಬೇಡ. ಹುಡುಗ ಬಿಚ್ಚಿ, ಟಾರ್ಚ್ ಬಿಟ್ಟು ಒಳಗೆ ನೋಡಿದ. ಎರಡು ನಿಮಿಷವೂ ಆಗಿರಲಿಕ್ಕಿಲ್ಲ. 'ಸೌಂಡ್ ಚಿಪ್ ಸುಟ್ಟದ ಸರ್. ನಮ್ಮ ರಾಯಚೂರು ಬಿಸಿಲಂದ್ರ ಸುಮ್ನೇನ್ರಿ?' ಅಂದ.

ನನಗೆ ಹೌದೆನಿಸಿತು. ಈ ಬಿಸಿಲಿಗೆ ಏನು ಬೇಕಾದರೂ ಸುಡಬಹುದು ಅಲ್ವಾ? ಆದರೂ ಕೇಳಿದೆ, 'ಮತ್ತೆ ಯೂಟ್ಯೂಬಿನಲ್ಲಿ ಸೌಂಡ್ ಬರುತ್ತದಲ್ಲಪ್ಪ?'

ಅವನು ಕೊಟ್ಟ ಉತ್ತರ ಈಗಲೂ ರಾತ್ರಿ ನೆನಪಾಗುತ್ತದೆ. 'ಯೂಟ್ಯೂಬ್ ಬ್ಯಾರೆ ಸರ್. ಅದು ನೆಟ್‌ನಿಂದ ಬರೋ ಸೌಂಡ್. ನಿಮ್ಮ ಹಾಡು ಕಂಪ್ಯೂಟರ್ ಒಳಗಿನವು.'

ನಾನು ತಲೆ ಅಲ್ಲಾಡಿಸಿದೆ! ಇಪ್ಪತ್ತು ವರ್ಷ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತವನು ತಲೆ ಅಲ್ಲಾಡಿಸಿದೆ. ಸೌಂಡ್ ನೆಟ್‌ನಿಂದ ಬರಲಿ, ಡಿಸ್ಕಿನಿಂದ ಬರಲಿ, ಸ್ಪೀಕರಿಗೆ ಹೋಗುವುದು ಮದರ್‌ಬೋರ್ಡಿನ ಮೇಲಿರುವ ಅದೇ ಚಿಪ್ಪಿನಿಂದಲೇ. ಅದು ಸುಟ್ಟಿದ್ದರೆ ಯೂಟ್ಯೂಬೂ ಮೂಕ ಆಗಬೇಕಿತ್ತು. ಅಲ್ಲಿ ನಿಂತಾಗ ಇದು ಹೊಳೆಯಲೇ ಇಲ್ಲ.

ಮೊದಲು 'ಫಾರ್ಮ್ಯಾಟ್ ಹೊಡೆದು ನೋಡೋಣ' ಅಂದ. ಹಾಡು ಏನಾಗುತ್ತವೆ ಅಂದರೆ 'ಹೋಗ್ತಾವ್ರಿ' ಅಂತ ಆರಾಮಾಗಿ ಹೇಳಿದ. ಅದೊಂದಕ್ಕೆ ಮಾತ್ರ ಒಪ್ಪಲಿಲ್ಲ, ದೇವರು ದೊಡ್ಡವನು. ಕೊನೆಗೆ ಮೂರು ದಿನ ಇಟ್ಟುಕೊಂಡು ಬೆರಳಿನಷ್ಟು ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ಚುಚ್ಚಿ ಕೊಟ್ಟ. ಬಿಲ್ಲು ಹೀಗಿತ್ತು: ಕಾರ್ಡ್ 1,900, ಸರ್ವಿಸ್ 500, 'ಪ್ಲೇಯರ್ ಲೈಸೆನ್ಸ್' 600. ಒಟ್ಟು 3,000. ಅಂಗಡಿಯಲ್ಲೇ ಹಚ್ಚಿ ತೋರಿಸಿದ, ಸೌಂಡ್ ಎಷ್ಟು ಜೋರಾಗಿತ್ತು ಅಂದರೆ ಪಕ್ಕದ ಅಂಗಡಿಯವನು ತಿರುಗಿ ನೋಡಿದ. ಖುಷಿಯಾಗಿ ದುಡ್ಡು ಕೊಟ್ಟು ಬಂದೆ. ಹೌದು, ಖುಷಿಯಾಗಿ.

ಮನೆಗೆ ಬಂದು ಅಪ್ಪನ ಪದ ಹಚ್ಚಿದರೆ ಗರಗರ. ಏಕತಾರಿ ಒಂದೇ ಇರುವಾಗ ಪರವಾಗಿಲ್ಲ, ದಮ್ಮಡಿ ತಾಳ ಸೇರಿದ ಕೂಡಲೇ ಹರಿದ ತಗಡು ಬಡಿದ ಹಾಗೆ. ಅಪ್ಪನ ದನಿ ಗುರುತೇ ಸಿಗುತ್ತಿಲ್ಲ. ಫೋನ್ ಮಾಡಿದೆ. 'ಹಳೇ ಕ್ಯಾಸೆಟ್ ಹಾಡಲ್ರಿ ಸರ್, ಹಂಗೇ ಬರ್ತದ. ಇನ್ನೊಂದು 1,500 ಕೊಡ್ರಿ, ಕ್ಲೀನ್ ಮಾಡೋ ಸಾಫ್ಟ್‌ವೇರ್ ಹಾಕ್ತೀನಿ.' ಹೋದ ವಾರದ ತನಕ ಚೆನ್ನಾಗಿದ್ದ ಹಾಡು ಈಗ ಹಳೆಯದಾಯಿತಂತೆ!

ಆ ಭಾನುವಾರ ಲಿಂಗಸೂಗೂರಿನಿಂದ ತಂಗಿಯ ಮಗಳು ಬಂದಿದ್ದಳು, ಡಿಪ್ಲೊಮಾ ಓದುವ ಹುಡುಗಿ. ಅವಳು ಮೊದಲು ಅದೇ ಹಾಡನ್ನು ವಿಂಡೋಸಿನದೇ ಪ್ಲೇಯರಿನಲ್ಲಿ ಹಚ್ಚಿದಳು. ಸ್ವಚ್ಛ. ಅಂದರೆ ಹಾಡಿನ ಫೈಲ್ ಸರಿ ಇದೆ. ಆಮೇಲೆ ವಿಎಲ್‌ಸಿಯಲ್ಲಿ ಕಂಟ್ರೋಲ್ ಒತ್ತಿ ಹಿಡಿದು ಇ ಒತ್ತಿದಳು, ಸೌಂಡ್ ತಿದ್ದುವ ಈಕ್ವಲೈಜರ್ ಬಂತು. ಅದರಲ್ಲಿ ಇಡೀ ಸೌಂಡನ್ನೇ ಏರಿಸುವ ಪ್ರೀಆಂಪ್ ಅನ್ನುವ ಕಡ್ಡಿ ಮೇಲಿನ ತುದಿಯಲ್ಲಿ. ಕೆಳಗೆ ವಾಲ್ಯೂಮ್ 125. '100 ಅಂದ್ರೆ ರೆಕಾರ್ಡ್ ಆದಷ್ಟು ಸೌಂಡು ಮಾಮಾ. ಅದಕ್ಕಿಂತ ಎಳೆದ್ರೆ ಜೋರು ಇರೋ ಕಡೆ ತಲೆ ಕತ್ತರಿಸಿದಂಗ ಆಗ್ತದ, ಅದೇ ಗರಗರ' ಅಂದಳು. ನನ್ನ ಕಿವಿಗೆ ಖುಷಿ ಆಗಲಿ ಅಂತ ಅಂಗಡಿಯವನೇ ಎಳೆದು ಇಟ್ಟಿದ್ದ. ಈಕ್ವಲೈಜರ್ ಟಿಕ್ ತೆಗೆದು, ವಾಲ್ಯೂಮ್ 100ಕ್ಕೆ ಇಳಿಸಿದ ಕೂಡಲೇ ಅಪ್ಪನ ದನಿ ಬಂತು.

ಆಮೇಲೆ ಆ ಕಾರ್ಡ್ ಕಿತ್ತು, ಸ್ಪೀಕರನ್ನು ಹಳೇ ಜಾಗಕ್ಕೇ ಚುಚ್ಚಿದಳು. ಹಾಡು ಓಡುತ್ತಿರುವಾಗ ಮೇಲೆ ಆಡಿಯೋ ಮೆನು, ಅದರೊಳಗೆ ಆಡಿಯೋ ಡಿವೈಸ್. ಸೌಂಡ್ ಎಲ್ಲಿಗೆ ಹೋಗಬೇಕು ಅಂತ ಆರಿಸುವ ಒಂದು ಚಿಕ್ಕ ಪಟ್ಟಿ. ಅದರಲ್ಲಿ ರಿಯಲ್‌ಟೆಕ್ ಅಂತ ಇದ್ದದ್ದನ್ನು ಒತ್ತಿದಳು, ಅದೇ ಮದರ್‌ಬೋರ್ಡಿನ ಸೌಂಡ್ ಚಿಪ್ಪಿನ ಹೆಸರು. ಸೌಂಡ್ ಬಂತು. ಸುಟ್ಟು ಹೋದ ಚಿಪ್ಪಿನಿಂದ!

ಆದದ್ದು ಇಷ್ಟು. ಯುಗಾದಿಗೆ ಬಂದಿದ್ದ ನಮ್ಮ ಅಳಿಯ ಎಚ್‌ಡಿಎಂಐ ವೈರ್ ಹಾಕಿ ಟಿವಿಯಲ್ಲಿ ಸಿನಿಮಾ ನೋಡಿದ್ದ, ಸೌಂಡ್ ಟಿವಿಯಲ್ಲಿ ಬರಲಿ ಅಂತ ಇದೇ ಪಟ್ಟಿಯಲ್ಲಿ ಟಿವಿ ಆರಿಸಿದ್ದ. ವಿಎಲ್‌ಸಿ ಅದನ್ನೇ ಹಿಡಿದುಕೊಂಡು ಕೂತಿತ್ತು. ಬೇರೆ ಪ್ರೋಗ್ರಾಮ್‌ಗಳಿಗೆ ಇದರ ಸಂಬಂಧವೇ ಇಲ್ಲ, ಅದಕ್ಕೇ ಯೂಟ್ಯೂಬ್ ಬರುತ್ತಿತ್ತು.

ನನಗೆ ಸಿಟ್ಟು ನೆತ್ತಿಗೇರಿದ್ದು ಇಲ್ಲಿ. ಆ ಹುಡುಗ ತನ್ನ ಕಾರ್ಡಿನಿಂದ ಸೌಂಡ್ ಬರಿಸಬೇಕಾದರೆ ಇದೇ ಪಟ್ಟಿ ತೆರೆದು ಆ ಕಾರ್ಡ್ ಆರಿಸಿರಬೇಕು ಅಲ್ವಾ? ಪಟ್ಟಿಯಲ್ಲಿ ಟಿವಿಗೆ ಗುರುತು ಇದ್ದದ್ದು ಕಂಡಿರಬೇಕು ಅಲ್ವಾ? ಗೊತ್ತಿಲ್ಲದೆ ಮಾಡಿದ್ದರೆ ಬಿಡುತ್ತಿದ್ದೆ. ಗೊತ್ತಿದ್ದೇ ಮಾಡಿದ್ದಾನೆ. ಮೂರು ದಿನ ಇಟ್ಟುಕೊಂಡಿದ್ದಾನೆ.

ಇನ್ನು ಆ ಲೈಸೆನ್ಸ್. ವಿಎಲ್‌ಸಿ ಪುಕ್ಕಟೆ ಸ್ವಾಮಿ. ಪ್ಯಾರಿಸ್ಸಿನ ಕಾಲೇಜು ಹುಡುಗರು 1996ರಲ್ಲಿ ಶುರು ಮಾಡಿದ್ದು, 2001ರಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದಕ್ಕೆ 600! ಮತ್ತೆ ಅಂಗಡಿಗೆ ಹೋಗಿ ಕೇಳಿದರೆ 'ಅದು ಡೌನ್‌ಲೋಡ್ ಚಾರ್ಜ್ ಸರ್' ಅಂದ. ಚಿಪ್ ಸುಟ್ಟಿಲ್ಲವಲ್ಲ ಅಂದೆ. ಮುಖ ನೋಡದೆ, ಮೊಬೈಲ್ ಒತ್ತುತ್ತಾ, 'ನಾ ಹಚ್ಚಿ ಕೊಟ್ಟಾಗ ಸೌಂಡ್ ಬಂತೋ ಇಲ್ಲೋ ಹೇಳ್ರಿ' ಅಂದ. ಬಂದಿತ್ತು. ಏನು ಹೇಳಲಿ? ಅಲ್ಲಿದ್ದ ಇನ್ನೊಬ್ಬ ಗಿರಾಕಿ ನಕ್ಕ.

ಅದಕ್ಕೇ ಹೇಳುತ್ತಿದ್ದೇನೆ. ಒಂದೇ ಪ್ಲೇಯರಿನಲ್ಲಿ ಸೌಂಡ್ ಇಲ್ಲ ಅಂದರೆ ಅದೇ ಹಾಡನ್ನು ಇನ್ನೊಂದು ಪ್ಲೇಯರಿನಲ್ಲಿ ಹಚ್ಚಿ ನೋಡಿ. ಅಲ್ಲಿ ಬಂದರೆ ಸಿಪಿಯು ಮನೆಯಿಂದ ಹೊರಗೆ ತೆಗೆಯಬೇಡಿ. ವಿಂಡೋಸಿನ ವಾಲ್ಯೂಮ್ ಮಿಕ್ಸರ್ ಕೂಡ ನೋಡಿ, ಅಲ್ಲಿ ಒಂದೊಂದು ಪ್ರೋಗ್ರಾಮಿಗೆ ಒಂದೊಂದು ಕಡ್ಡಿ ಇರುತ್ತದೆ, ಯಾವುದೋ ಒಂದು ಸೊನ್ನೆಗೆ ಇಳಿದಿರಬಹುದು. ಫಾರ್ಮ್ಯಾಟ್ ಅಂದ ಕೂಡಲೇ ಎದ್ದು ಬನ್ನಿ.

1,900ರ ಕಾರ್ಡ್ ಟಿವಿ ಹತ್ತಿರ ಬಿದ್ದಿದೆ. ಅಳಿಯ ಅದನ್ನು ನೋಡಿ ಪೆನ್‌ಡ್ರೈವ್ ಏನು ಅಂತ ಕೇಳಿದ. ಹೂಂ ಅಂದೆ.